ನಾಗವಲ್ಲಿಯ ಎರಡನೆಯ ಬರವು

ಸತ್ತವರು ಒಂದು ಸಲ ಮರಳಿ ಬಂದರೆ ಮನೆಮಂದಿಗೆ ಭಯ. ಎರಡನೆಯ ಸಲ ಬಂದರೆ ಗುರುತು. ಮೂರನೆಯ ಸಲವೂ ಬಂದರೆಂದರೆ, ಮಣೆ ಹಾಕಿ, ಬಾಯಾರಿಕೆಗೆ ನೀರು ಬೆಲ್ಲ ಕೊಟ್ಟು ಕೂಡಿಸುವಷ್ಟು ಸಲಿಗೆ ಬೆಳೆದುಬಿಡುತ್ತದೆ. ಭೂತದ ಕತೆಯನ್ನು ಮುಂದುವರಿಸಲು ಹೊರಟವರಿಗೆಲ್ಲ ಎದುರಾಗುವ ತೊಡಕು ಇದೇ. ಮೊದಲ ಕತೆಯಲ್ಲಿ, ಮುಚ್ಚಿದ ಕದದ ಹಿಂದೆ ಏನಿದೆಯೋ ಎಂಬ ಅಳುಕು ನೋಡುವವನ ಎದೆಯನ್ನು ಹಿಡಿದಿರುತ್ತದೆ. ಎರಡನೆಯದಕ್ಕೆ ಬರುವ ಹೊತ್ತಿಗೆ ಕದವೂ ಗೊತ್ತು, ಅದರ ಹಿಂದೆ ಇರುವವಳೂ ಗೊತ್ತು. ಆಗ ಕತೆಗಾರನಿಗೆ ಉಳಿಯುವ ದಾರಿಗಳು ಎರಡು. ಭೂತವನ್ನು ಕಂಡು ನಗುವುದು ಒಂದು. ಅದರ ಕೈ ಹಿಡಿದುಕೊಂಡು ಹಿಂದಕ್ಕೆ, ಅರಸರ ಮತ್ತು ಕೋಟೆಕೊತ್ತಲಗಳ ಕಾಲಕ್ಕೆ ನಡೆದುಬಿಡುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡಿದವರೂ ಉಂಟು.

ಅಂಥ ಎರಡು ಚಲನಚಿತ್ರಗಳು ಒಂದೇ ತಾರೀಖಿನಂದು ತೆರೆಗೆ ಬಂದುದು ಕೇವಲ ಕಾಕತಾಳೀಯ, ಆದರೂ ಸ್ವಾರಸ್ಯವುಳ್ಳದ್ದು. ಅಮೆರಿಕದ ಚಿತ್ರಮಂದಿರಗಳಲ್ಲಿ ‘ಆರ್ಮಿ ಆಫ್ ಡಾರ್ಕ್‌ನೆಸ್’ ಬಿಡುಗಡೆಯಾದದ್ದು ೧೯೯೩ರ ಫೆಬ್ರುವರಿ ೧೯ರಂದು. ಕರ್ನಾಟಕದಲ್ಲಿ ‘ಆಪ್ತರಕ್ಷಕ’ ತೆರೆ ಕಂಡದ್ದು ೨೦೧೦ರ ಫೆಬ್ರುವರಿ ೧೯ರಂದು. ಒಂದು ಸ್ಯಾಮ್ ರೈಮಿಯ ನಿರ್ದೇಶನದ್ದು, ಇನ್ನೊಂದು ಪಿ. ವಾಸು ಅವರದು. ಎರಡೂ ಹಿಂದೊಮ್ಮೆ ಜನರನ್ನು ಅಂಜಿಸಿದ ಕತೆಗಳ ಮುಂದುವರಿಕೆ, ಎರಡೂ ನಗಿಸುತ್ತವೆ, ಎರಡೂ ಕಟ್ಟಕಡೆಗೆ ಅರಸರ ಓಲಗಕ್ಕೆ ಹೋಗಿ ನಿಲ್ಲುತ್ತವೆ. ಒಂದನ್ನು ಮಾಡಿದವರು ಇನ್ನೊಂದನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದರೆಂದು ಯಾರೂ ಹೇಳಲಾರರು. ಭೂತದ ಸ್ವಭಾವವೇ ಅವರನ್ನು ಒಂದೇ ಬಾಗಿಲಿಗೆ ತಂದಿರಬೇಕು.

ಅಮೆರಿಕದ ಕತೆಯನ್ನು ಮೊದಲು ನೋಡಬಹುದು. ಮಿಶಿಗನ್ ರಾಜ್ಯದಲ್ಲಿ ಶಾಲೆಯ ದಿನಗಳಿಂದಲೂ ಜೊತೆಗಾರರಾಗಿದ್ದ ರೈಮಿ ಮತ್ತು ನಟ ಬ್ರೂಸ್ ಕ್ಯಾಂಪ್‌ಬೆಲ್ ಇಬ್ಬರೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, ಊರಿನ ವೈದ್ಯರು, ವಕೀಲರು ಮೊದಲಾದವರ ಬಳಿಗೆ ಹೋಗಿ ಹಣ ಕೂಡಿಸಿ, ಟೆನೆಸ್ಸಿಯ ಕಾಡಿನ ಒಂದು ಹಾಳು ಮನೆಯಲ್ಲಿ ‘ದಿ ಈವಿಲ್ ಡೆಡ್’ ಚಿತ್ರವನ್ನು ತೆಗೆದರು. ೧೯೮೧ರಲ್ಲಿ ಮೊದಲ ಪ್ರದರ್ಶನ. ಓದಬಾರದ ಗ್ರಂಥವೊಂದರ ಮಂತ್ರವನ್ನು ಕೇಳಿ ಎಚ್ಚೆತ್ತ ದುಷ್ಟಶಕ್ತಿಗಳು ಐವರು ತರುಣ ತರುಣಿಯರನ್ನು ಒಬ್ಬೊಬ್ಬರನ್ನಾಗಿ ಹಿಡಿಯುವ ಆ ಚಿತ್ರದಲ್ಲಿ ನಗುವಿಗೆ ಎಡೆ ಕಡಿಮೆ. ೧೯೮೭ರಲ್ಲಿ ಅದರ ಎರಡನೆಯ ಭಾಗ ಬಂದಾಗ ರೈಮಿಗೆ ಒಂದು ಗುಟ್ಟು ಹೊಳೆದಂತಿದೆ. ಮನುಷ್ಯನ ಕೈಯೇ ಅವನ ಮಾತು ಕೇಳದೆ ಅವನ ಕೆನ್ನೆಗೆ ಬಾರಿಸಿದರೆ ಅದು ಭಯಾನಕವೂ ಹೌದು, ಹಾಸ್ಯವೂ ಹೌದು. ಎರಡರ ನಡುವಣ ಗೆರೆ ಕೂದಲೆಳೆಯಷ್ಟೆ. ಮೂರನೆಯದಾದ ‘ಆರ್ಮಿ ಆಫ್ ಡಾರ್ಕ್‌ನೆಸ್’ ಹೊತ್ತಿಗೆ ಆ ಗೆರೆಯನ್ನೂ ಅಳಿಸಿಯಾಗಿತ್ತು.

ಅದರ ನಾಯಕ ಆ್ಯಶ್ ಒಂದು ದೊಡ್ಡ ಅಂಗಡಿಯ ಗುಮಾಸ್ತ. ಗೃಹೋಪಯೋಗಿ ವಸ್ತುಗಳನ್ನು ಮಾರಿಕೊಂಡಿದ್ದವನು. ಹಿಂದಿನ ಚಿತ್ರದಲ್ಲಿ ಕೈಯೊಂದನ್ನು ಕಳೆದುಕೊಂಡು, ಆ ಜಾಗದಲ್ಲಿ ಮರ ಕೊಯ್ಯುವ ಯಂತ್ರದ ಗರಗಸವನ್ನು ತೊಡಿಸಿಕೊಂಡಿದ್ದಾನೆ. ಸುಳಿಯೊಂದರಲ್ಲಿ ಸಿಕ್ಕಿ, ತನ್ನ ಹಳೆಯ ಮೋಟಾರು ಕಾರಿನ ಸಮೇತ ಅವನು ಕ್ರಿ. ಶ. ೧೩೦೦ರ ಇಂಗ್ಲೆಂಡಿನಲ್ಲಿ ಬೀಳುತ್ತಾನೆ. ಅಲ್ಲಿಯ ಆರ್ಥರ್ ದೊರೆ ಅವನನ್ನು ಶತ್ರುವಿನ ಕಡೆಯವನೆಂದು ಬಗೆದು, ಪ್ರೇತಗಳಿರುವ ಹೊಂಡಕ್ಕೆ ತಳ್ಳಿಸುತ್ತಾನೆ. ಹೊಂಡದಿಂದ ಎದ್ದು ಬಂದ ಗುಮಾಸ್ತನು ಜೋಡುನಳಿಗೆಯ ಬಂದೂಕನ್ನು ಎತ್ತಿ ಹಿಡಿದು, ಹೆದರಿ ನಿಂತ ಪ್ರಜೆಗಳಿಗೆ ಅದು ಯಾವ ಅಂಗಡಿಯಲ್ಲಿ ದೊರೆಯುತ್ತದೆ ಎಂಬುದನ್ನೂ ತಿಳಿಸುತ್ತಾನೆ! ಆರು ನೂರಲ್ಲ, ಏಳು ನೂರು ವರ್ಷ ಹಿಂದಕ್ಕೆ ಎಸೆದರೂ ಅಂಗಡಿಯವನು ಅಂಗಡಿಯವನೇ. ಇಪ್ಪತ್ತನೆಯ ಶತಮಾನದ ಯಂತ್ರಜ್ಞನೊಬ್ಬ ಆರ್ಥರ್ ದೊರೆಯ ಆಸ್ಥಾನಕ್ಕೆ ಹೋಗಿ ಬೀಳುವ ಕಲ್ಪನೆ ರೈಮಿಯ ಸ್ವಂತದ್ದೇನಲ್ಲ. ಮಾರ್ಕ್ ಟ್ವೇನ್ ೧೮೮೯ರಷ್ಟು ಹಿಂದೆಯೇ ತನ್ನ ಕಾಲದ ಅಮೆರಿಕನ್ನನೊಬ್ಬನನ್ನು ಹಾಗೆ ಕಳುಹಿಸಿದ್ದ. ಟ್ವೇನನ ನಾಯಕನಿಗೆ ತನ್ನ ಕಾಲದ ವಿದ್ಯೆಯ ಮೇಲೆ ಹೆಮ್ಮೆ. ರೈಮಿಯ ಆ್ಯಶ್‌ಗೆ ವಿದ್ಯೆ ಅಷ್ಟಕ್ಕಷ್ಟೆ, ಹೆಮ್ಮೆ ಮಾತ್ರ ಅಗಾಧ.

ಚಿತ್ರದ ಮುಖ್ಯ ಘಟ್ಟ ಆ ಹೆಮ್ಮೆಯ ಫಲ. ಅವನು ತನ್ನ ಕಾಲಕ್ಕೆ ಮರಳಬೇಕಾದರೆ ಸ್ಮಶಾನದಲ್ಲಿರುವ ಮಂತ್ರಗ್ರಂಥವನ್ನು ತರಬೇಕು. ತೆಗೆದುಕೊಳ್ಳುವ ಮೊದಲು ಮೂರೇ ಮೂರು ಶಬ್ದಗಳ ಮಂತ್ರವನ್ನು ಉಚ್ಚರಿಸಬೇಕು. ವೃದ್ಧ ಜ್ಞಾನಿ ಅದನ್ನು ಮತ್ತೆ ಮತ್ತೆ ಹೇಳಿಕೊಡಲು ಹೋದರೆ, ‘ಗೊತ್ತು, ಗೊತ್ತು’ ಎಂಬ ಧಿಮಾಕು. ಗ್ರಂಥದ ಮುಂದೆ ನಿಂತಾಗ ಎರಡು ಶಬ್ದ ನೆನಪಾಗುತ್ತವೆ, ಮೂರನೆಯದು ಹಾರಿಹೋಗುತ್ತದೆ. ಆಗ ಅವನು ಅತ್ತಿತ್ತ ನೋಡಿ, ಮೂರನೆಯ ಶಬ್ದದ ಜಾಗದಲ್ಲಿ ಜೋರಾಗಿ ಕೆಮ್ಮಿಬಿಡುತ್ತಾನೆ. ಮಂತ್ರಕ್ಕಿಂತ ಉಗುಳು ಹೆಚ್ಚು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಯಾವ ದೇಶದಲ್ಲಿಯೂ ಬಂದಿಲ್ಲವೆನ್ನಬೇಕು. ಆ ಕೆಮ್ಮಿನಿಂದ ಗೋರಿಗಳು ಬಿರಿದು, ಅಸ್ಥಿಪಂಜರಗಳ ಸೈನ್ಯವೇ ಎದ್ದು ನಿಲ್ಲುತ್ತದೆ. ಕೊಂಬು, ತಮ್ಮಟೆ, ಬಾವುಟಗಳೊಂದಿಗೆ ದಂಡೆತ್ತಿ ಬರುವ ಆ ಎಲುಬಿನ ದಂಡಿಗೆ ನಾಯಕನಾರು? ಆ್ಯಶ್‌ನ ಮೈಯಿಂದಲೇ ಒಡೆದು ಹುಟ್ಟಿದ ಇನ್ನೊಬ್ಬ ಆ್ಯಶ್, ಅವನ ಕೆಡುಕಿನ ಪಾಲು. ಕಾರಿನ ಹಿಂಬದಿಯಲ್ಲಿ ಉಳಿದಿದ್ದ ಕಾಲೇಜಿನ ರಸಾಯನಶಾಸ್ತ್ರದ ಪುಸ್ತಕವನ್ನು ತೆರೆದು ಮದ್ದು ಅರೆಯುವ ಕೆಲಸದಿಂದ ಮುಂದಿನ ಯುದ್ಧ ಸಾಗುತ್ತದೆ. ಗ್ರಂಥದಿಂದ ಬಂದ ಅನಾಹುತಕ್ಕೆ ಗ್ರಂಥದಿಂದಲೇ ಪರಿಹಾರ.

ಸುಮಾರು ಒಂದು ಕೋಟಿ ಹತ್ತು ಲಕ್ಷ ಡಾಲರು ವೆಚ್ಚವಾದ ಈ ಚಿತ್ರ ತನ್ನ ದೇಶದಲ್ಲಿ ಗಳಿಸಿದ್ದೂ ಹೆಚ್ಚುಕಡಿಮೆ ಅಷ್ಟನ್ನೇ. ಸೋತಿತೆಂದೇ ಆಗ ಎಣಿಸಿದರು. ಅದನ್ನು ಬದುಕಿಸಿದವರು ಮುಂದೆ ಮನೆಯಲ್ಲಿ ಕುಳಿತು ಮತ್ತೆ ಮತ್ತೆ ನೋಡಿ, ಮಾತುಗಳನ್ನು ಬಾಯಿಪಾಠ ಮಾಡಿಕೊಂಡ ಅಭಿಮಾನಿಗಳು. ನಿರ್ದೇಶಕನಾದರೋ ೨೦೦೨ರಲ್ಲಿ ‘ಸ್ಪೈಡರ್‌ಮ್ಯಾನ್’ ಮಾಡಿ ಲೋಕಪ್ರಸಿದ್ಧನಾದ.

ಇಷ್ಟೆಲ್ಲ ಕೇಳಿದ ಮೇಲೆ ಕಾರವಾರ, ಅಂಕೋಲೆಗಳ ವಾಚಕರಿಗೆ ಒಂದು ಸಂಶಯ ಬರುವುದು ಸಹಜ: ಇದರಲ್ಲಿ ಹೊಸತೇನು? ಅಮೆರಿಕದವರಿಗೆ ಹಳೆಯ ಕೋಟೆಗಳಿಲ್ಲ. ಕೋಟೆ ಬೇಕಾದರೆ ನಾಯಕನನ್ನು ಸುಳಿಯಲ್ಲಿ ಕೆಡವಿ ಇಂಗ್ಲೆಂಡಿಗೆ ಕಳುಹಿಸಬೇಕು. ಕಾರವಾರದವನಿಗೆ ಆ ಕಷ್ಟವಿಲ್ಲ. ಗೋವೆಯ ಕಡೆಗೆ ಹೊರಟವನು ಕಾಳಿ ನದಿಯನ್ನು ದಾಟುತ್ತಲೇ ಸೋದೆಯ ಅರಸರ ಸದಾಶಿವಗಡ ತಲೆಯ ಮೇಲೆಯೇ ನಿಂತಿರುತ್ತದೆ. ಅಂಕೋಲೆಯ ಪೇಟೆಗೆ ಮೀನು ಕೊಳ್ಳಲು ಬಂದವನು ಹಾಳು ಕೋಟೆಯ ನೆರೆಯಲ್ಲೇ ಹಾದುಹೋಗುತ್ತಾನೆ. ಇದೇ ಜಿಲ್ಲೆಯ ಬನವಾಸಿಯ ಕದಂಬರ ಹೆಸರು ಕಾರವಾರದಲ್ಲಿ ೨೦೦೫ರಿಂದ ನೌಕಾನೆಲೆಯ ಹೆಸರಾಗಿ ದಿನವೂ ಬಾಯಲ್ಲಿ ಬರುತ್ತದೆ. ೨೦೨೨ರ ‘ಕಾಂತಾರ’ದ ಹಿಂದಿನ ಕತೆಯಾಗಿ ೨೦೨೫ರ ಅಕ್ಟೋಬರಿನಲ್ಲಿ ಬಂದ ಚಿತ್ರವೂ ಕದಂಬರ ಕಾಲಕ್ಕೇ ಹೋಯಿತು. ಅರಸರ ಕಾಲ ಇಲ್ಲಿ ದೂರದ ಕಾಲವಲ್ಲ.

ಭಯ ಮತ್ತು ನಗೆಗಳ ಬೆರಕೆಯೂ ಇಲ್ಲಿ ಹೊಸತಲ್ಲ. ಆಟ ನೋಡಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ‘ಪಂಚವಟಿ’ ಪ್ರಸಂಗವೆನ್ನಿ. ನಡುರಾತ್ರಿ ಕಳೆದು, ಚಾಪೆಯ ಮೇಲೆ ಮಕ್ಕಳು ಮಲಗಿ ಎಷ್ಟೋ ಹೊತ್ತಾಗಿರುತ್ತದೆ. ಚಂಡೆಯ ಪೆಟ್ಟು ಬದಲಾಗುತ್ತದೆ. ತೆರೆಯ ಹಿಂದಿನಿಂದ ಆರ್ಭಟ. ದೊಂದಿಗೆ ರಾಳ ಎರಚಿದಾಗ ಭುಗ್ಗೆಂದು ಎದ್ದ ಬೆಂಕಿಯಲ್ಲಿ ಶೂರ್ಪನಖಿಯ ಬಣ್ಣದ ಮುಖ. ಎದ್ದ ಕೂಸು ತಾಯಿಯ ಸೆರಗಿನೊಳಗೆ ಹೊಕ್ಕುಬಿಡುತ್ತದೆ. ಇನ್ನೊಂದು ಗಳಿಗೆಗೆ ಅದೇ ರಕ್ಕಸಿ ಮಾಯೆಯ ರೂಪದಲ್ಲಿ ವಯ್ಯಾರದಿಂದ ಬಂದು, ಮದುವೆಯಾಗೆಂದು ರಾಮನನ್ನೂ ಲಕ್ಷ್ಮಣನನ್ನೂ ಕಾಡುವಾಗ ಸೆರಗಿನೊಳಗಿನ ಕೂಸು ಹೊರಗೆ ಬಂದು ನಗುತ್ತಿರುತ್ತದೆ. ಘಟೋತ್ಕಚನ ವೇಷ ಬರಲಿ, ಬಕಾಸುರನ ವೇಷ ಬರಲಿ, ಅದರ ಬೆನ್ನಿಗೆ ಹಾಸ್ಯಗಾರನೊಬ್ಬ ಇದ್ದೇ ಇರುತ್ತಾನೆ. ಕಾರವಾರದ ಆಚೆಗೆ, ಗೋವೆ ಮತ್ತು ಸಿಂಧುದುರ್ಗದ ಕಡೆಯ ದಶಾವತಾರದ ಆಟದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ವೇದಗಳನ್ನು ಕದ್ದ ಸಂಕಾಸುರ ಅಲ್ಲಿ ಕರಿಯ ಮುಸುಕಿನಲ್ಲಿ ಬಂದು, ಊರ ಜನರ ಆಡುಮಾತಿನಲ್ಲಿ ಮಾತನಾಡಿ, ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡುತ್ತಾನೆ. ದಾನವನೂ ಅವನೇ, ವಿದೂಷಕನೂ ಅವನೇ. ಸುಗ್ಗಿಯ ದಿನಗಳಲ್ಲಿ ಅಂಕೋಲೆಯ ಕಡೆ ಹೊರಡುವ ಹಗರಣದ ವೇಷಗಳಂತೂ ಅಧಿಕಾರಿಯನ್ನಾಗಲಿ ವೈದ್ಯನನ್ನಾಗಲಿ ಸುಮ್ಮನೆ ಬಿಡುವುದಿಲ್ಲ.

ನಿಜವಾದ ಭಯವನ್ನು ಕಂಡ ನಾಡು ಇದು ಎಂಬುದನ್ನೂ ಇಲ್ಲಿ ನೆನೆಯಬೇಕು. ೨೦೨೪ರ ಜುಲೈ ೧೬ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜಾರಿ, ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ನೂಕಿತು; ನದಿಯ ತಳದಿಂದ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳು ಮಿಕ್ಕಿ ಹಿಡಿಯಿತು. ಅದಾದ ಮೂರೇ ವಾರಗಳಿಗೆ, ಆಗಸ್ಟ್ ೭ರ ರಾತ್ರಿ, ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ಅಂಥ ಮಳೆಗಾಲವೊಂದನ್ನು ಕಳೆದವರ ಎದುರಿಗೆ ಬಿಳಿ ಸೀರೆಯ ಮೋಹಿನಿಯನ್ನು ನಿಲ್ಲಿಸಿ ಹೆದರಿಸುತ್ತೇನೆಂದು ಹೊರಟರೆ ಅವರು ನಗದೆ ಇನ್ನೇನು ಮಾಡಿಯಾರು?

ಹೀಗಾಗಿ ಅಂಕೋಲೆಯ ಒಂದು ಮನೆಯಲ್ಲಿ ದಸರೆಯ ರಜೆಯಲ್ಲಿ ನಡೆದ ಮಾತುಕತೆ ಬೇರೆ ಮನೆಗಳಲ್ಲಿಯೂ ನಡೆಯಬಹುದಾದದ್ದೇ. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮೊಮ್ಮಗ ಊರಿಗೆ ಬಂದಿದ್ದ. ಅವನು ತಂಗಿಗೆಂದು ಹಾಕಿದ ಇಂಗ್ಲಿಷ್ ಚಿತ್ರವನ್ನು, ಅಡಕೆ ಕತ್ತರಿಸುತ್ತ ಕುಳಿತಿದ್ದ ಅಜ್ಜಿಯೂ ನೋಡಿದಳು. ಭಾಷೆ ತಿಳಿಯದಿದ್ದರೂ ಕೆಮ್ಮಿನ ಮಂತ್ರ ಅವಳಿಗೆ ತಿಳಿಯಿತು. ಅಡಕತ್ತಿಯನ್ನು ಕೆಳಗಿಟ್ಟು ನಕ್ಕಳು. ಎಲುಬಿನ ದಂಡು ಬಂದಾಗ, “ಎಂತ ತಮಾ, ಇವಕ್ಕೆ ಬಾಯಿ ಇದ್ದು, ಹೊಟ್ಟೆ ಇಲ್ಲ. ಉಂಡಿದ್ದು ಎಲ್ಲಿ ಹೋಗ್ತದೆ?” ಎಂದು ಕೇಳಿದಳು. ಮರುದಿನ ಸಂಜೆ ದೂರದರ್ಶನ ಪೆಟ್ಟಿಗೆಯಲ್ಲಿ ‘ಆಪ್ತಮಿತ್ರ’ ಬರುತ್ತಿತ್ತು. ಸೌಂದರ್ಯಳ ಮುಖ ಬದಲಾಗಿ, ಗಂಡನೆದುರಿಗೆ ದನಿಯೇರಿಸಿ ತೆಲುಗಿನಲ್ಲಿ ಆರ್ಭಟಿಸುವ ಸನ್ನಿವೇಶ ಬಂದಾಗ ಮೊಮ್ಮಗಳು ಆ ದನಿಯನ್ನು ಅಣಕಿಸಿ ನಕ್ಕಳು.

“ನಗಬೇಡ,” ಎಂದಳು ಅಜ್ಜಿ.

“ಎಂತಕ್ಕೆ ಅಜ್ಜೀ? ನಿನ್ನೆ ನೀನೇ ನಗಾಡ್ತಿದ್ದೆ.”

“ನಿನ್ನೆಯದು ದೆವ್ವ. ಇವಳಿಗೆ ಸಮ ಇಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: “ನಮ್ಮ ಕೇರಿಯಲ್ಲಿ ಒಬ್ಬಳಿದ್ದಳು. ಅವಳಿಗೂ ಹೀಂಗೇ ದನಿ ಬದಲಾಗ್ತಿತ್ತು. ಮಂತ್ರ ಹಾಕುವವನನ್ನ ಕರೆದುಕೊಂಡು ಬಂದ್ರು. ಹೊಗೆ ಹಾಕಿದ್ರು, ಬೆತ್ತದಲ್ಲಿ ಹೊಡೆದ್ರು.”

“ಆಮೇಲೆ?”

“ಆಮೇಲೆಂತ? ತವರಿಗೆ ಕಳಿಸಿದ್ರು. ಮತ್ತೆ ಕರೆಯಲಿಲ್ಲ.”

ಓದು ಬರಹ ಹೆಚ್ಚಿಲ್ಲದ ಆ ವೃದ್ಧೆ ಎಳೆದ ಗೆರೆಯನ್ನು ಚಲನಚಿತ್ರದ ಪಂಡಿತರು ಅಷ್ಟು ಸರಳವಾಗಿ ಎಳೆದಿಲ್ಲ. ನಗಬಹುದಾದ ಭಯ ಯಾವುದು, ನಗಬಾರದ ಸಂಕಟ ಯಾವುದು? ‘ಆಪ್ತಮಿತ್ರ’ ಮತ್ತು ‘ಆಪ್ತರಕ್ಷಕ’ಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕಾದದ್ದು ಈ ಪ್ರಶ್ನೆಯ ಬೆಳಕಿನಲ್ಲಿ.

‘ಆಪ್ತಮಿತ್ರ’ದ ಮೂಲ ಮಲಯಾಳದ ‘ಮಣಿಚಿತ್ರತ್ತಾಳ್’. ಮಧು ಮುಟ್ಟಂ ಬರೆದ ಕತೆಯನ್ನು ಫಾಸಿಲ್ ೧೯೯೩ರ ಕ್ರಿಸ್ಮಸಿಗೆ ತೆರೆಗೆ ತಂದರು. ಶೋಭನಾ ಅವರಿಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಬಂತು. ಹನ್ನೊಂದು ವರ್ಷಗಳ ಬಳಿಕ ವಾಸು ಅದನ್ನು ಕನ್ನಡಕ್ಕೆ ಒಗ್ಗಿಸಿದರು. ಹಣ ಹಾಕಿದವರು ದ್ವಾರಕೀಶ್. ಹಳೆಯ ಅರಮನೆಯಂಥ ಮನೆ. ಮೇಲಂತಸ್ತಿನಲ್ಲಿ ಬೀಗ ಹಾಕಿದ ಕೋಣೆ. ಒಂದು ಶತಮಾನಕ್ಕೂ ಹಿಂದೆ ಅಲ್ಲಿ ಸೆರೆಯಾಗಿದ್ದ ತೆಲುಗು ನರ್ತಕಿ ನಾಗವಲ್ಲಿ. ಅವಳ ಪ್ರಿಯನನ್ನು ಕೊಲ್ಲಿಸಿ ಅವಳನ್ನೂ ಕೊಂದ ಅರಸ ವಿಜಯ ರಾಜೇಂದ್ರ ಬಹದ್ದೂರ್. ಮನೆಯನ್ನು ಕೊಂಡ ರಮೇಶನ ಹೆಂಡತಿ ಗಂಗಾ ಕೋಣೆಯ ಬಾಗಿಲನ್ನು ತೆರೆಸುತ್ತಾಳೆ. ಅಲ್ಲಿಂದ ಮುಂದಿನದೆಲ್ಲ ದೆವ್ವದ ಕತೆಯಂತೆಯೇ ಕಾಣುತ್ತದೆ. ಆದರೆ ರಮೇಶನ ಗೆಳೆಯನಾಗಿ ಬರುವ ಡಾಕ್ಟರ್ ವಿಜಯ್ ಮನೋವೈದ್ಯ. ದೆವ್ವವೆಂದು ಎಲ್ಲರೂ ಓಡುವಾಗ ಅವನು ಕಾಯುತ್ತಾನೆ, ಕೇಳುತ್ತಾನೆ, ರೋಗಿಯ ಬಾಲ್ಯವನ್ನು ಹುಡುಕಿಕೊಂಡು ಹೋಗುತ್ತಾನೆ. ಕಡೆಗೆ, ಇದು ದೆವ್ವವಲ್ಲ, ಒಂದೇ ಮನಸ್ಸು ಎರಡಾಗಿ ಒಡೆದಿದೆ ಎನ್ನುತ್ತಾನೆ.

ಮೆಚ್ಚತಕ್ಕ ಅಂಶ ಇದರ ಮುಂದಿನದು. ದೆವ್ವ ಬಿಡಿಸಲೆಂದು ಬಂದ ರಾಮಚಂದ್ರ ಆಚಾರ್ಯನಿಗೂ ವೈದ್ಯನಿಗೂ ಜಗಳವಾಗುವುದಿಲ್ಲ. ಅವಿನಾಶ್ ಆ ಪಾತ್ರವನ್ನು ಬಹಳ ಗಾಂಭೀರ್ಯದಿಂದ ನಿರ್ವಹಿಸಿದ್ದಾರೆ. ಹೋಮ, ಮಂಡಲ, ಮಂತ್ರಗಳೆಲ್ಲ ನಡೆಯುತ್ತವೆ, ಆದರೆ ವೈದ್ಯನ ಯೋಜನೆಯ ಪ್ರಕಾರ. ಅರಸನ ಮೇಲೆ ಮುಯ್ಯಿ ತೀರಿಸಿಕೊಂಡೆನೆಂದು ನಾಗವಲ್ಲಿಗೆ ಅನ್ನಿಸಬೇಕು. ಮನುಷ್ಯನ ಜಾಗದಲ್ಲಿ ಬೊಂಬೆ ಇರಬೇಕು. ಮನಶ್ಶಾಸ್ತ್ರದ ಪುಸ್ತಕಗಳು ಇಂಥ ಚಿಕಿತ್ಸೆಯನ್ನು ಒಪ್ಪಲಾರವು. ಅದು ಸಿನಿಮಾದ ವೈದ್ಯ. ಆದರೂ ರೋಗಿಯನ್ನು ಹೊಡೆಯದೆ, ಕಟ್ಟದೆ, ಗಂಡನಿಂದ ಅಗಲಿಸದೆ ಗುಣಪಡಿಸಬೇಕೆಂಬ ಹಟ ಆ ಕತೆಯಲ್ಲಿದೆ. ಗಂಗಾ ಕಡೆಗೆ ತನ್ನ ಮನೆಯಲ್ಲಿಯೇ ಉಳಿಯುತ್ತಾಳೆ. ನಗೆಯ ಹೊರೆಯನ್ನೆಲ್ಲ ಹೊತ್ತವರು ದ್ವಾರಕೀಶ್, ಅಂದರೆ ಆರೋಗ್ಯವಂತರಾಗಿದ್ದು ಸುಮ್ಮಸುಮ್ಮನೆ ನಡುಗುವವರು. ಜನ ನಕ್ಕದ್ದು ಹೆದರಿದವನನ್ನು ನೋಡಿ, ನರಳಿದವಳನ್ನು ನೋಡಿ ಅಲ್ಲ. ಶೂರ್ಪನಖಿಯ ಬೆನ್ನಿಗೆ ಹಾಸ್ಯಗಾರನನ್ನು ನಿಲ್ಲಿಸಿದ ಆಟದವರ ಜಾಣತನ ಇದರಲ್ಲಿಯೂ ಇದೆ.

ಚಿತ್ರ ೨೦೦೪ರ ಆಗಸ್ಟಿನಲ್ಲಿ ಬಿಡುಗಡೆಯಾಯಿತು. ಅದೇ ವರ್ಷದ ಏಪ್ರಿಲ್ ೧೭ರಂದು ಬೆಂಗಳೂರಿನಲ್ಲಿ ನಡೆದ ವಿಮಾನ ದುರಂತದಲ್ಲಿ ಸೌಂದರ್ಯ ತೀರಿಕೊಂಡಿದ್ದರು. ಸತ್ತ ನರ್ತಕಿಯೊಬ್ಬಳು ಬದುಕಿದ ಹೆಣ್ಣಿನ ಮೈಯಲ್ಲಿ ಮರಳಿ ಬರುವ ಕತೆಯನ್ನು ಜನ ನೋಡಿದ್ದು, ಆ ಹೆಣ್ಣನ್ನು ಅಭಿನಯಿಸಿದವಳೇ ಇಲ್ಲವಾದ ಮೇಲೆ. ‘ರಾ ರಾ’ ಎಂಬ ಹಾಡಿಗೆ ಕುಣಿಯುವ ಆ ಕಣ್ಣುಗಳನ್ನು ನೋಡುವಾಗ ಚಿತ್ರಮಂದಿರದಲ್ಲಿ ಹರಡುತ್ತಿದ್ದ ಮೌನಕ್ಕೆ ಭಯವೊಂದೇ ಕಾರಣವಾಗಿರಲಿಲ್ಲ.

ಆರು ವರ್ಷಗಳ ಮೇಲೆ ನಾಗವಲ್ಲಿಯ ಎರಡನೆಯ ಬರವು. ‘ಆಪ್ತರಕ್ಷಕ’ದಲ್ಲಿ ಅವಳು ಕೋಣೆಯಲ್ಲಿಲ್ಲ, ಚಿತ್ರಪಟದಲ್ಲಿದ್ದಾಳೆ. ಆ ಪಟ ಹೊಕ್ಕ ಮನೆಯಲ್ಲಿ ಒಂದರ ಮೇಲೊಂದು ಕೇಡು. ಹಿತ್ತಿಲಿನಲ್ಲಿ ಭಾರಿ ಗಾತ್ರದ ನಾಗರಹಾವು. ಮನೆಯ ಹೆಣ್ಣುಮಕ್ಕಳಲ್ಲಿ ಯಾರ ಮೇಲೆ ನಾಗವಲ್ಲಿ ಬಂದಿದ್ದಾಳೆಂಬ ಒಗಟು. ಡಾಕ್ಟರ್ ವಿಜಯ್ ಮತ್ತೆ ಬರುತ್ತಾನೆ, ಆಚಾರ್ಯನೂ ಬರುತ್ತಾನೆ. ಅಂಜುಬುರುಕನ ಪಾತ್ರ ಈಗ ಕೋಮಲ್ ಅವರದು. ಅವರ ಹಾಸ್ಯ ಕೆಲವು ಕಡೆ ಕತೆಯನ್ನು ಕೈ ಹಿಡಿದು ನಡೆಸುತ್ತದೆ, ಕೆಲವು ಕಡೆ ಕತೆಯೇ ಅದಕ್ಕಾಗಿ ದಾರಿ ಬಿಟ್ಟು ನಿಂತಿರುತ್ತದೆ. ಆದರೆ ಚಿತ್ರದ ನಿಜವಾದ ಹೊಸತನ ಅರಸನಲ್ಲಿದೆ. ಮೊದಲ ಚಿತ್ರದಲ್ಲಿ ಹಳೆಯ ಕತೆಯಾಗಿದ್ದ ವಿಜಯ ರಾಜೇಂದ್ರ ಬಹದ್ದೂರ್ ಇಲ್ಲಿ ಓಲಗ, ಖಡ್ಗ, ಅಂತಃಪುರಗಳ ಸಮೇತ ಮೈವೆತ್ತು ಬರುತ್ತಾನೆ. ಅಷ್ಟೇ ಅಲ್ಲ, ನೂರು ವರ್ಷಗಳನ್ನು ಮೀರಿಯೂ ಅವನು ಸತ್ತಿಲ್ಲ! ವೈದ್ಯನನ್ನೂ ಅರಸನನ್ನೂ ಅಭಿನಯಿಸಿದವರು ಒಬ್ಬರೇ, ವಿಷ್ಣುವರ್ಧನ್.

ಇದು ಕೇವಲ ದ್ವಿಪಾತ್ರದ ಚಮತ್ಕಾರವೆಂದು ತಳ್ಳಿಹಾಕುವಂತಿಲ್ಲ. ಆ್ಯಶ್‌ನ ಎದುರಿಗೆ ಆ್ಯಶ್‌ನೇ ಎಲುಬಿನ ದಂಡನ್ನು ನಡೆಸಿಕೊಂಡು ಬಂದಂತೆ, ಗುಣಪಡಿಸುವ ವಿಜಯನ ಎದುರಿಗೆ ಕೊಂದ ವಿಜಯ ಅದೇ ಮುಖ ಹೊತ್ತು ನಿಲ್ಲುತ್ತಾನೆ. ಮೊದಲ ಚಿತ್ರ ಮುಗಿದಾಗ ಒಂದು ಲೆಕ್ಕ ಬಾಕಿ ಉಳಿದಿತ್ತು. ಕೊಲೆಯಾದವಳು ದೆವ್ವವಾಗಿ, ರೋಗವಾಗಿ, ಊರಿನ ಬಾಯಲ್ಲಿ ಹೆದರಿಕೆಯಾಗಿ ಉಳಿದಳು. ಕೊಂದವನು ಗೋಡೆಯ ಮೇಲಿನ ಪಟವಾಗಿ ಮರ್ಯಾದೆಯಿಂದ ಉಳಿದ. ಎರಡನೆಯ ಚಿತ್ರ ಆ ಪಟವನ್ನು ಕೆಳಗಿಳಿಸಿತು. ಭಯಪಡಬೇಕಾದದ್ದು ನಾಗವಲ್ಲಿಗಲ್ಲ, ಇವನಿಗೆ ಎಂದು ಕೈಮಾಡಿ ತೋರಿಸಿತು. ಮುಂದುವರಿದ ಕತೆಯೊಂದು ಮೊದಲಿನದಕ್ಕಿಂತ ಒಂದಂಗುಲವಾದರೂ ಮುಂದೆ ಹೋಗಬೇಕೆನ್ನುವುದಾದರೆ, ಹೋದದ್ದು ಇಲ್ಲಿ.

ಹಿಂದಕ್ಕೆ ಜಾರಿದ್ದೂ ಉಂಟು. ಮೊದಲ ಚಿತ್ರದ ವೈದ್ಯ ದೆವ್ವವೆಂಬ ಮಾತನ್ನು ರೋಗವೆಂಬ ಮಾತಾಗಿ ಬದಲಿಸಿದ್ದ. ಎರಡನೆಯದರಲ್ಲಿ ಹಾವು, ಜಾತಕ, ಸಾಯದ ಅರಸ ಇವೆಲ್ಲವುಗಳ ನಡುವೆ ವೈದ್ಯನ ಕೈಯಲ್ಲಿ ಹಿಡಿಯಲು ಹೆಚ್ಚೇನೂ ಉಳಿಯುವುದಿಲ್ಲ. ಮನಸ್ಸಿನ ಮಾತು ಬರುತ್ತದೆಯಾದರೂ ಅದರ ಸುತ್ತ ಮಾಯೆಯ ಹೊಗೆ ದಟ್ಟವಾಗಿದೆ. ಆ್ಯಶ್‌ನ ಚಿತ್ರದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ, ಏಕೆಂದರೆ ಅಲ್ಲಿ ಯಾರೂ ರೋಗಿಗಳಲ್ಲ, ಎಲುಬುಗಳು ಎಲುಬುಗಳೇ. ನಾಗವಲ್ಲಿಯ ಕತೆ ಹಾಗಲ್ಲ. ಅದನ್ನು ನೋಡುವ ಮನೆಗಳಲ್ಲಿ ದನಿ ಬದಲಾದ ಸೊಸೆಯಂದಿರು, ಒಂಟಿಯಾಗಿ ನಗುವ ಮಗಂದಿರು ಇರುವುದುಂಟು. ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದ ದಿನಗಳಿಂದಲೂ ಈ ಕಡೆಯವರಿಗೆ ‘ಧಾರವಾಡಕ್ಕೆ ಕಳಿಸಬೇಕು’ ಎಂಬುದು ಒಂದು ಬೈಗುಳ. ಅಲ್ಲಿದ್ದುದು ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದಾದ ಮಾನಸಿಕ ರೋಗಿಗಳ ಆಸ್ಪತ್ರೆ. ಬೈಗುಳದ ಅಂಜಿಕೆಗೆ ಎಷ್ಟು ಮನೆಗಳವರು ವೈದ್ಯರ ಕಡೆಗೆ ಹೋಗಬೇಕಾದವರನ್ನು ಮಂತ್ರವಾದಿಗಳ ಕಡೆಗೆ ಕರೆದೊಯ್ದರೋ! ಈಗ ಧಾರವಾಡದ ಆ ಸಂಸ್ಥೆಗೆ ಬೇರೆಯ ಹೆಸರು, ಬೇರೆಯ ರೂಪ. ಕಾರವಾರದಲ್ಲಿಯೇ ವೈದ್ಯಕೀಯ ಕಾಲೇಜು, ಆಸ್ಪತ್ರೆಗಳಿವೆ. ೨೦೨೨ರ ಅಕ್ಟೋಬರಿನಿಂದ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಮನಸ್ಸಿನ ತೊಂದರೆಯನ್ನು ಹೇಳಿಕೊಳ್ಳಲು ಸರ್ಕಾರದ ಏರ್ಪಾಡೂ ಇದೆ. ಅ ಸೇವೆಯ ಹೆಸರು ಟೆಲಿ ಮಾನಸ್. ಡಾಕ್ಟರ್ ವಿಜಯನಂತೆ ಕೋಟು ತೊಟ್ಟು ಮಧ್ಯರಾತ್ರಿ ಮಹಡಿ ಹತ್ತಿ ಬರುವವರು ಅಲ್ಲಿಲ್ಲದಿದ್ದರೂ ಕಿವಿಗೊಟ್ಟು ಕೇಳುವವರಿದ್ದಾರೆ.

ಸಾಯದ ಅರಸನ ಪಾತ್ರ ಮಾಡಿದವರು ತಮ್ಮ ಚಿತ್ರದ ಬಿಡುಗಡೆಯನ್ನು ನೋಡಲಿಲ್ಲ. ವಿಷ್ಣುವರ್ಧನ್ ೨೦೦೯ರ ಡಿಸೆಂಬರ್ ೩೦ರಂದು ಮೈಸೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ ೫೯ ವರ್ಷ. ಚಿತ್ರ ತೆರೆಗೆ ಬಂದದ್ದು ಏಳು ವಾರಗಳ ಬಳಿಕ. ೧೯೭೨ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಅವರನ್ನು ನಾಯಕನನ್ನಾಗಿ ಮಾಡಿತು. ಕೊನೆಯ ಚಿತ್ರದಲ್ಲಿಯೂ ಒಂದು ನಾಗರಹಾವು ಹೆಡೆಯೆತ್ತಿ ಕಾದಿತ್ತು. ಶ್ರೇಷ್ಠ ನಟನೆಂಬ ರಾಜ್ಯಪ್ರಶಸ್ತಿಯೂ ಅವರು ಇಲ್ಲದಾಗಲೇ ಬಂತು.

ಆ ದಿನಗಳಲ್ಲಿ ಚಿತ್ರಮಂದಿರದೊಳಗೆ ಹೋದವರು ಒಂದು ವಿಚಿತ್ರವಾದ ನೋಟಕ್ಕೆ ಸಾಕ್ಷಿಯಾದರು. ತೆರೆಯ ಮೇಲೆ ಕಿರೀಟಧಾರಿಯಾದ ಅರಸ ಕತ್ತಿ ಹಿಡಿದು, ತಲೆಯನ್ನು ಒಂದು ಬಗೆಯಾಗಿ ತಿರುಗಿಸಿ ‘ಹೌಲಾ ಹೌಲಾ’ ಎಂದು ಗರ್ಜಿಸುತ್ತಾನೆ. ಅವನು ಕೊಲೆಗಡುಕ, ಕಾಮುಕ, ಕತೆಯ ಕೆಡುಕೆಲ್ಲ ಅವನದೇ. ಆದರೂ ಅವನು ತೆರೆಯ ಮೇಲೆ ಬಂದೊಡನೆ ಜನ ಸಿಳ್ಳೆ ಹೊಡೆದರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಹೊರಗೆ ಬಂದ ಹುಡುಗರು ಬೀದಿಯಲ್ಲಿ ಅದೇ ಗರ್ಜನೆಯನ್ನು ಅನುಕರಿಸುತ್ತ ಮನೆಗೆ ನಡೆದರು.

ನಾಗವಲ್ಲಿ ಅನಂತರವೂ ಸುಮ್ಮನಾಗಲಿಲ್ಲ. ೨೦೧೦ರಲ್ಲಿಯೇ ಅವಳು ವಾಸು ಅವರ ಜೊತೆ ತೆಲುಗಿಗೆ ಹೋದಳು. ತಮಿಳಿನಲ್ಲಿ ೨೦೦೫ರಲ್ಲಿ ಚಂದ್ರಮುಖಿಯಾಗಿದ್ದವಳು ೨೦೨೩ರಲ್ಲಿ ಮತ್ತೊಮ್ಮೆ ಬಂದಳು. ಹಿಂದಿಯಲ್ಲಿ ೨೦೦೭ರಿಂದ ೨೦೨೪ರೊಳಗೆ ಮೂರು ‘ಭೂಲ್ ಭುಲಯ್ಯಾ’ಗಳಾದವು. ಅಂಕೋಲೆಯ ಆ ಮನೆಯಲ್ಲಿ ಮೊಮ್ಮಗ ಅವುಗಳ ಪಟ್ಟಿಯನ್ನು ಅಜ್ಜಿಗೆ ಓದಿ ಹೇಳಿದ. ಅವಳು ಕೇಳಿದ್ದು ಒಂದೇ: ನಾಗವಲ್ಲಿಯನ್ನು ಕೊಂದು ಮುಗಿದ ಮೇಲೆ, ಅವಳ ತಾಯಿಗೆ ಯಾರಾದರೂ ಸುದ್ದಿ ಮುಟ್ಟಿಸಿದ್ದರೇ?